ಮಾರಮ್ಮನಿಗೆ ಬಿಸಿಲಲ್ಲಿ ಬೀಸಿದ ಹಿಟ್ಟು

ಬಹಳ ಬಹಳ ಹಿಂದೆ, ಅಂದರೆ ಹೋದ ಬೇಸಿಗೆಯಲ್ಲಿ, ಏಳು ಸಮುದ್ರಗಳಾಚೆ ಅಲ್ಲದಿದ್ದರೂ ದಾಟಲು ಅಷ್ಟೇ ಹೊತ್ತು ಹಿಡಿಯುವ ಹೆಬ್ಬಾಳದ ಫ್ಲೈಓವರಿನಾಚೆ, ಕೊಡಿಗೇಹಳ್ಳಿಯಲ್ಲಿ ಮುನಿಶಾಮಮ್ಮ ಎಂಬ ರಾಣಿ ಇದ್ದಳು. ಅವಳ ರಾಜ್ಯ ಒಂದು ಹಿಟ್ಟಿನ ಗಿರಣಿ.

ಅದರ ಹಿಂದಿನ ವರ್ಷ ಮಾರಮ್ಮನ ತಂಬಿಟ್ಟಿನ ಆರತಿಗೆ ಅಕ್ಕಿ ಬೀಸುವಾಗ ಕರೆಂಟು ಹೋಗಿ, ದೇವಿ ಹಸಿದುಕೊಂಡು ಕೂತಿದ್ದಳು. "ಮುಂದಿನ ಸಲ ಬಿಸಿಲಲ್ಲೇ ಬೀಸಿ ಕೊಡ್ತೀನಿ ತಾಯಿ" ಎಂದು ಹರಕೆ ಹೊತ್ತ ಮುನಿಶಾಮಮ್ಮ ಗಿರಣಿಯ ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಿದಳು. ಪಕ್ಕದ ಹೊಂಗೆಮರ ಕಡಿಸಿದರೆ ಇನ್ನೆರಡು ಹಿಡಿಯುತ್ತವೆ ಎಂದ ಕಂಪನಿಯವನನ್ನು, "ನೆರಳು ಕಡಿದು ಬಿಸಿಲು ಮಾರೋಕೆ ಬಂದ್ಯೇನೋ" ಎಂದು ಬೈದು ಕಳಿಸಿದಳು.

ಆರತಿಯ ಹಿಂದಿನ ದಿನ ಬೆಳಿಗ್ಗೆ ಹೆಂಗಸರು ನೆನೆಸಿ ಆರಿಸಿದ ಅಕ್ಕಿ ತಂದಿಟ್ಟರು. ನೆನೆದ ಅಕ್ಕಿ ಸಂಜೆಯವರೆಗೆ ಕಾಯುವುದಿಲ್ಲ, ಹುಳಿ ಬರುತ್ತದೆ. ಸ್ವಿಚ್ ಒತ್ತಿದರೆ ಮೋಟಾರು ನರಳಿ ನಿಂತುಬಿಟ್ಟಿತು.

ಹೊರಗೆ ಬಂದು ನೋಡಿದರೆ ಗಿರಣಿಯ ಮಗ್ಗುಲಲ್ಲೇ ಮರಗಂಬಗಳಿಗೆ ಕಟ್ಟಿದ ಹೊಸದೊಂದು ಫ್ಲೆಕ್ಸು. ವಾರ್ಡಿನ ಟಿಕೆಟ್ಟಿಗೆ ಓಡಾಡುತ್ತಿದ್ದ ಮನೋಹರ್ ಅದರಲ್ಲಿ ಎರಡು ಮಹಡಿ ಎತ್ತರಕ್ಕೆ ಕೈಮುಗಿದು ನಿಂತಿದ್ದ. 'ವಾರ್ಡಿಗೆ ಸೌರಶಕ್ತಿ ತಂದ ಹಸಿರು ನಾಯಕ.' ಹಸಿರು ನಾಯಕ ರಸ್ತೆಗೆ ಕಾಣಲೆಂದು ಅವನ ಕಡೆಯವರು ಹೊಂಗೆಯ ಅರ್ಧ ಕೊಂಬೆಗಳನ್ನು ಕಡಿದಿದ್ದರು. ಅವನ ನೆರಳು ಪ್ಯಾನೆಲ್ಲುಗಳ ಮೇಲೆ ಆರಾಮಾಗಿ ಮಲಗಿತ್ತು.

ಫೋನ್ ಮಾಡಿದ ತಕ್ಷಣ ಮನೋಹರ್ ಬಂದ.

"ಏನ್ ದೊಡ್ಡಮ್ಮ, ನಿಮ್ ಸೋಲಾರ್‌ಗೆ ಪಬ್ಲಿಸಿಟಿ ಕೊಟ್ಟಿದೀನಿ ನೋಡಿ."

"ನಾನ್ ಹಾಕ್ಸಿದ್ದನ್ನ ನೀನ್ ಯಾವಾಗ ತಂದ್ಯೋ? ಇಳಿಸು ಅದನ್ನ."

"ನಾಳೆ ಲೀಡರ್ ಬರ್ತಾರೆ, ನೋಡ್ಕೊಂಡ್ ಹೋಗ್ಲಿ. ಇವತ್ತೊಂದಿನ ಕರೆಂಟಲ್ಲೇ ಬೀಸಿ. ಮಾರಮ್ಮ ಏನ್ ಮೀಟರ್ ನೋಡ್ತಾಳಾ?"

ಮುನಿಶಾಮಮ್ಮ ಕುಡುಗೋಲು ಹಿಡಿದು ಮಾಳಿಗೆ ಹತ್ತಿದಳು. ಫ್ಲೆಕ್ಸಿನ ಕೆಳತುದಿ ಅಲ್ಲಿ ಕೈಗೆ ಎಟುಕುತ್ತಿತ್ತು. ಕುಡುಗೋಲು ಎತ್ತಿದವಳು ಹಾಗೇ ನಿಂತಳು. ಫ್ಲೆಕ್ಸಿನ ಮೂಲೆಯ ಚಿತ್ರದಲ್ಲಿ ಮಾರಮ್ಮ, ಕಣ್ಣು ಬಿಟ್ಟುಕೊಂಡು ಕೂತಿದ್ದಾಳೆ. ಅಮ್ಮನ ಮುಖಕ್ಕೆ ಕಬ್ಬಿಣ ಇಡುವುದು ಹೇಗೆ?

ಕೈ ಇಳಿಸುವಾಗ ಪಕ್ಕದಲ್ಲಿದ್ದದ್ದು ಕಾಣಿಸಿತು. ನಾಯಕನನ್ನು ಹಿಗ್ಗಿಸಿ ಹಿಗ್ಗಿಸಿ, ಫ್ಲೆಕ್ಸು ಮಾಡಿದವನು ದೇವಿಯನ್ನು ಅವನ ಕಾಲಬುಡಕ್ಕೆ ತಳ್ಳಿದ್ದ.

"ಮನೋಹರ, ಮೇಲ್ ಬಾರೋ. ಗುಡಿಗೋದಾಗ ಚಪ್ಲಿ ಎಲ್ಲಿ ಬಿಡ್ತೀಯಾ?"

"ಆಚೆ, ಕಟ್ಟೆ ಹತ್ರ. ಯಾಕೆ?"

"ಮತ್ತಿಲ್ಲಿ ಅಮ್ಮನ ಕೆನ್ನೆಗ್ಯಾಕೆ ಬೂಟು ತಾಗ್ಸಿದೀಯಾ?"

ಮನೋಹರ್ ಬಗ್ಗಿ ನೋಡಿದ. ಎರಡು ಮಹಡಿಯ ನಗು ಮೇಲೆ ಹಾಗೇ ಇತ್ತು, ಕೆಳಗಿನ ನಗು ಒಣಗಿತು.

"ಡಿಸೈನ್ ಮಾಡ್ದೋನ್ ಕೆಲ್ಸ ದೊಡ್ಡಮ್ಮ, ಅಮ್ಮನಾಣೆ ನಾನಲ್ಲ."

"ನಂಗ್ಯಾಕ್ ಯೋಳ್ತೀಯಾ, ಅವಳಿಗೇ ಯೋಳು. ಟಿಕೆಟ್‌ಗೆ ಹರಕೆ ಕಟ್ಕೊಂಡಿರೋದೂ ಅವಳತ್ರಾನೇ ಅಲ್ವಾ?"

ಅವನು ಬೂಟು ಕಳಚಿ, ಕೆನ್ನೆ ತಟ್ಟಿಕೊಂಡು, ಬರಿಗಾಲಲ್ಲಿ ಮರಗಂಬ ಹತ್ತಿದ. ಕಟ್ಟು ಬಿಚ್ಚಿ ಫ್ಲೆಕ್ಸು ಇಳಿಸಿದ. ದೇವಿಯ ಮುಖ ಮಡಿಕೆ ಬೀಳದಂತೆ ಹುಷಾರಾಗಿ ಮಡಚಿದ, ತನ್ನ ಮುಖವನ್ನು ಹೇಗೆ ಬಂತೋ ಹಾಗೆ ಸುತ್ತಿದ.

"ನಾಳೆ ಲೀಡರ್‌ಗೆ ಏನ್ ತೋರಿಸ್ಲಿ ದೊಡ್ಡಮ್ಮ?"

"ನೀನ್ ಕಡ್ಸಿದ್ ಮರ ತೋರ್ಸು."

ಬಿಸಿಲು ಪ್ಯಾನೆಲ್ಲುಗಳ ಮೇಲೆ ಬಿತ್ತು. ಮೋಟಾರು ಗೊಣಗಿ, ಕೆಮ್ಮಿ, ಆಮೇಲೆ ಒಂದೇ ಸಮ ಓಡಿತು. ಮುನಿಶಾಮಮ್ಮ ಅಕ್ಕಿ ಸುರಿಯುತ್ತಾ ಹೋದಳು. ಕೊನೆಯ ಹಿಡಿಯೂ ಬೆಚ್ಚಗೆ ಹಿಟ್ಟಾಗಿ ಬುಟ್ಟಿಗೆ ಬಿತ್ತು.