ಒದ್ದೆ ಗೋಣಿ

ಕಸಬಾ ಪೇಠೆಯ ಆ ಹಳೆಯ ವಾಡೆಯನ್ನು, ಮರದ ಕಂಬಗಳ ದೊಡ್ಡ ಮನೆಯನ್ನು, ದುರಸ್ತಿ ಮಾಡಲು ಹನ್ನೊಂದು ಜನ ಕೂಲಿಗಳು ಬಂದಿಳಿದ ದಿನವೇ ಅವರ ಮೇಸ್ತ್ರಿ, ಮುಕಾದಮ ಮೋಹನದಾಸ್, ಕೂಲಿಗಳ ಗ್ಯಾಸ್ ಸಿಲಿಂಡರನ್ನು ಎತ್ತಿ ಬೀದಿಗಿಟ್ಟ.

"ಇನ್ನೂರು ವರ್ಷದ ಸಾಗವಾನಿ ಅದ ಇದು. ಒಂದು ಕಿಡಿ ಹಾರಿದ್ರ ಮಾಲಕ ನನ್ನ ಚರ್ಮ ಸುಲಿತಾನ. ಒಳಗ ಬೆಂಕಿ ಹಚ್ಚಿದವ್ರು ಅವತ್ತೇ ಗಂಟುಮೂಟಿ ಕಟ್ಟಬೇಕು" ಎಂದ. ಕರೆಂಟಿನ ಒಲೆಯಾದರೂ ಕೊಡಿಸಿ ಎಂದರೆ ಮೀಟರ್ ತಾಳುವುದಿಲ್ಲ ಎಂದ. ಮರದ ಕಂಬಕ್ಕೆ ಇಷ್ಟು ಮರ್ಯಾದೆ ಕೊಟ್ಟ ಮಹಾರಾಯ ಮನುಷ್ಯರ ಹೊಟ್ಟೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೂರು ದಿನ ವಡಾಪಾವ್ ತಿಂದು ಎಲ್ಲರ ಮುಖ ಹುಳ್ಳಗಾಯಿತು.

ನಾಲ್ಕನೆಯ ದಿನ ಅವರಿಗೆ ಬಿಸಿ ಅನ್ನ ಬಡಿಸಿದವಳು ಅವರಲ್ಲೇ ಒಬ್ಬಳಾದ ಸಕ್ಕುಬಾಯಿ. ಶಹಾಬಾದ ಕಡೆಯ ಸುಣ್ಣದ ಭಟ್ಟಿಯಲ್ಲಿ ಹುಟ್ಟಿ ಬೆಳೆದವಳು ಅವಳು. ಹಳೆಯ ಗೋಡೆಗೆ ಸಿಮೆಂಟು ಒಗ್ಗದು, ಸುಣ್ಣವೇ ಆಗಬೇಕು ಎಂದು ಹಿತ್ತಲಲ್ಲಿ ಸುಟ್ಟ ಸುಣ್ಣದ ಕಲ್ಲಿನ ಚೀಲಗಳು ಬಂದು ಬಿದ್ದಿದ್ದವು. ಆ ಕಲ್ಲಿಗೆ ನೀರು ಬಿದ್ದರೆ ಬುಸುಗುಟ್ಟಿ ಅರಳುತ್ತದೆ, ಕೈ ಇಡಲಾಗದಷ್ಟು ಕಾಯುತ್ತದೆ. ಸಕ್ಕುಬಾಯಿ ಅಕ್ಕಿ, ಬೇಳೆಯ ಡಬ್ಬಿಗಳಿಗೆ ನೀರು ಹಾಕಿ, ಮುಚ್ಚಳ ಬಿಗಿದು, ಕಬ್ಬಿಣದ ತೊಟ್ಟಿಯಲ್ಲಿ ಕಲ್ಲಿನ ನಡುವೆ ಹೂತು, ನೀರು ಬಿಟ್ಟು ಕೂತಳು. ಹೊಗೆಯಿಲ್ಲ, ಕಿಡಿಯಿಲ್ಲ, ಅನ್ನ ಬೆಂದಿತ್ತು. ರೊಟ್ಟಿ ಮಾತ್ರ ಅದರಲ್ಲಿ ಆಗದು. ಮುಕಾದಮನೇ ಎರಡು ಸಲ ಬಡಿಸಿಕೊಂಡು, "ಇನ್ನ ಮ್ಯಾಲ ಅಡಗಿ ಕೆಲಸ ನಿಂದೇ" ಎಂದ.

ಆ ಮಾತು ಅವಳ ಪ್ರಾಣ ಉಳಿಸಿತು. ಹೋದ ವರ್ಷ ಖರಾಡಿಯ ಕಟ್ಟಡವೊಂದರಲ್ಲಿ ಏಣಿಯಿಂದ ಬಿದ್ದು ಸೊಂಟ ಕೆಡಿಸಿಕೊಂಡಿದ್ದಳು. ಬುಟ್ಟಿ ಹೊತ್ತು ನಾಲ್ಕು ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆಗಟ್ಟುತ್ತಿತ್ತು. ಗಂಡ ಸತ್ತವಳು, ಊರಲ್ಲಿ ನೆಲೆಯಿಲ್ಲದವಳು, ಹೊರಲಾರದವಳು, ಅಡುಗೆಯೊಂದೇ ಗತಿ. ಆದ್ದರಿಂದ ಬೇರೆ ಯಾರೂ ನೋಡಿ ಕಲಿಯಬಾರದೆಂದು ಹಿತ್ತಲ ಬಾಗಿಲು ಹಾಕಿಕೊಳ್ಳದೆ ಅವಳು ಒಂದು ದಿನವೂ ಅಡುಗೆ ಮಾಡಲಿಲ್ಲ.

ಊರಲ್ಲಿ ದೀಪಾವಳಿ ಮುಗಿಸಿ ಬಂದ ಕೂಲಿ ತಾಯಪ್ಪ ಹೊಸ ಹೆಂಡತಿ ಶಿವಕಾಂತಾಳನ್ನು ಕರೆತಂದ. ಇಪ್ಪತ್ತರ ಹುಡುಗಿ, ಬಾಯಿ ತೆರೆದರೆ 'ಅಕ್ಕಾ'. ಬಂದ ಎರಡೇ ದಿನಕ್ಕೆ ಸಕ್ಕುಬಾಯಿಯ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಮೂರನೆಯ ದಿನ ಮೋಹನದಾಸ್ ಸಕ್ಕುಬಾಯಿಯನ್ನು ಕರೆದ.

"ಈ ಹುಡುಗಿಗಿ ನಿನ್ನ ಸುಣ್ಣದ ಅಡಗಿ ಕಲಿಸು. ಮುಂಜಾನೆ ಅಡಗಿನೂ ಮಾಡ್ತಾಳ, ಆಮ್ಯಾಲ ಬುಟ್ಟಿನೂ ಹೊರ್ತಾಳ. ಬರೇ ಅಡಗಿಗಿ ನಿನಗ್ಯಾಕ ಕೂಲಿ ಕೊಡಬೇಕು? ಸೋಮವಾರದಿಂದ ನೀನೂ ಬುಟ್ಟಿ ಹೊರು. ಆಗಂಗಿಲ್ಲಂದ್ರ ಕಾತ್ರಜದಾಗ ಊರ ಬಸ್ ಸಿಗ್ತದ."

ಸಕ್ಕುಬಾಯಿ ಕಲಿಸಿದಳು. ಎಷ್ಟು ಕಲ್ಲು, ಎಷ್ಟು ನೀರು, ಡಬ್ಬಿ ಎಷ್ಟು ಆಳಕ್ಕೆ, ಎಲ್ಲ ಬಾಯಲ್ಲೇ ಹೇಳಿದಳು, ಮಾಡಿ ತೋರಿಸಲಿಲ್ಲ. ಒಂದನ್ನು ಮಾತ್ರ ನುಂಗಿಕೊಂಡಳು. ಮೊದಲು ತೊಟ್ಟಿಗೆ ಒದ್ದೆ ಗೋಣಿ ಹೊದಿಸಬೇಕು, ಅದರ ಅಂಚಿನಿಂದ ಸ್ವಲ್ಪಸ್ವಲ್ಪವಾಗಿ ನೀರು ಬಿಡಬೇಕು, ಮುಖ ಆಚೆ ತಿರುಗಿಸಬೇಕು. ಭಟ್ಟಿಯ ಕೂಸುಗಳಿಗೂ ಗೊತ್ತಿರುವ ಮಾತು ಅದು.

ಕಣ್ಣು ಹೋಗಲಿ ಎಂದು ಅವಳು ಬಯಸಿರಲಿಲ್ಲ. ಕೈಮೇಲೆ ನಾಲ್ಕು ಬೊಬ್ಬೆ ಏಳಲಿ, ಹುಡುಗಿ ಹೆದರಿ ಅಳಲಿ, ಇದು ಇವಳ ಕೈಲಾಗದು ಎಂದು ಮುಕಾದಮನಿಗೆ ತಿಳಿಯಲಿ, ಇಷ್ಟೇ ಆಸೆ. ಸುಣ್ಣ ಯಾರ ಆಸೆಯನ್ನೂ ಕೇಳಿ ಸಿಡಿಯುವುದಿಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ವಾಡೆಯಲ್ಲೇ ಇರಲಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವಳಂತೆ ನಟಿಸಿದಳು ಪಾಪಿ, ಅದೂ ತನ್ನ ಮುಂದೆಯೇ.

ಭಾನುವಾರ ಬೆಳಿಗ್ಗೆ ಶಿವಕಾಂತಾ ಕೊಡದ ನೀರನ್ನು ಒಮ್ಮೆಲೇ ಸುರಿದು, ಸುಣ್ಣ ಅರಳುವುದು ಹೇಗಿರುತ್ತದೋ ನೋಡೋಣವೆಂದು ಬಗ್ಗಿದಳು.

ಬಾಗಿಲ ಹೊರಗೇ ಕಾದು ನಿಂತಿದ್ದ ಸಕ್ಕುಬಾಯಿ ಚೀರಾಟ ಕೇಳಿ ಒಳಗೆ ಓಡಿದಳು. ಹುಡುಗಿ ಮುಖ ಮುಚ್ಚಿಕೊಂಡು ನೆಲದಲ್ಲಿ ಹೊರಳುತ್ತಿದ್ದಳು. ಸಕ್ಕುಬಾಯಿ ಕೊಡಗಟ್ಟಲೆ ನೀರು ಹೊಯ್ದು ಅವಳ ಕಣ್ಣು ತೊಳೆದಳು. ತಾಯಪ್ಪ ಹೆಂಡತಿಯನ್ನು ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ. ತೊಟ್ಟಿಯಲ್ಲಿ ಅನ್ನ ಹದವಾಗಿ ಬೆಂದಿತ್ತು. ಮಧ್ಯಾಹ್ನ ಉಳಿದವರು ಅದನ್ನೇ ಉಂಡರು, ಬಡಿಸಿದವಳು ಸಕ್ಕುಬಾಯಿ.

ಬಲಗಣ್ಣು ಹೋಯಿತು. ಪೊಲೀಸರ ಭಯಕ್ಕೆ ಮೋಹನದಾಸ್ ಸುಣ್ಣದ ಅಡುಗೆ ನಿಲ್ಲಿಸಿ, ಮರುದಿನವೇ ಕರೆಂಟಿನ ಒಲೆ ತಂದಿಟ್ಟ. ಮೀಟರಿಗೆ ಏನೂ ಆಗಲಿಲ್ಲ. ಆ ಒಲೆಯ ಮೇಲೆ ವಾರವಿಡೀ ಸಕ್ಕುಬಾಯಿಯೇ ಅದೇ ಅನ್ನ, ಬೇಳೆ ಬೇಯಿಸಿದಳು. ಕೆಲಸ ಉಳಿಯಿತೆಂದು ಒಳಗೊಳಗೇ ಹಿಗ್ಗಿದಳು ಕೂಡ.

ಶಿವಕಾಂತಾ ಪಟ್ಟಿ ಕಟ್ಟಿಕೊಂಡು ಮರಳಿದಳು. ಕಲಿಸಿದ್ದು ಯಾರೆಂದು ಗದರಿದ ಮುಕಾದಮನಿಗೆ, "ಅಕ್ಕಂದೇನೂ ತಪ್ಪಿಲ್ರಿ, ನಾನೇ ಬಗ್ಗಿ ನೋಡ್ದೆ" ಎಂದಳು. ಒಕ್ಕಣ್ಣಿನವಳನ್ನು ಏಣಿ ಹತ್ತಿಸುವಂತಿಲ್ಲ. ಊರಿಗೆ ಕಳಿಸಿದರೆ ತಾಯಪ್ಪ ಪೊಲೀಸರ ಮುಂದೆ ಬಾಯಿ ಬಿಟ್ಟಾನು. ಮೋಹನದಾಸ್ ಅವಳನ್ನು ಒಲೆಯ ಮುಂದೆ ಕೂರಿಸಿ, ಸಕ್ಕುಬಾಯಿಯ ಕೈಗೆ ಬುಟ್ಟಿ ಕೊಟ್ಟ. ಅವತ್ತು ವಾಡೆಯಲ್ಲಿ ಮೊದಲ ಸಲ ಜೋಳದ ರೊಟ್ಟಿಯ ವಾಸನೆ ಎದ್ದಿತು. ಸಕ್ಕುಬಾಯಿಯ ಅನ್ನ ಯಾರಿಗೂ ನೆನಪಾಗಲಿಲ್ಲ.

ಇಟ್ಟಿಗೆಯ ಚೂರು ಹೊತ್ತು ಅವಳು ಅಂಗಳ ದಾಟುವಾಗ ಶಿವಕಾಂತಾ ಬಿಸಿ ರೊಟ್ಟಿ ಹಿಡಿದು ಎದುರು ಬಂದಳು.

"ಅಕ್ಕಾ, ತೊಟ್ಟಿ ಮ್ಯಾಲ ಏನೂ ಮುಚ್ಚಿದ್ದಿಲ್ಲೇನು ಅಂತ ದವಾಖಾನಿ ನರ್ಸಬಾಯಿ ಕೇಳಿದ್ಲು. ಮುಚ್ಚು ಅಂತ ನೀ ಹೇಳಿದ್ದಿ ಏನು? ನನಗ ಎಷ್ಟು ನೆನಸಿದ್ರೂ ನೆನಪಾಗವಲ್ದು."

ಸಕ್ಕುಬಾಯಿಯ ಸೊಂಟ ಉರಿಯುತ್ತಿತ್ತು. ಹುಡುಗಿಯ ಉಳಿದ ಕಣ್ಣಿನಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

"ಹೇಳಿದ್ದೆ ಯವ್ವಾ" ಎಂದಳು. "ಒದ್ದಿ ಗೋಣಿ ಹಾಕು ಅಂತ ಮೂರು ಸಲ ಹೇಳಿದ್ದೆ. ನೀನೇ ಮರ್ತಿ."

"ಹೌದೇನು, ನನ್ನ ಹಣಿಬರಾ" ಎಂದು ಶಿವಕಾಂತಾ ಹಣೆ ಬಡಿದುಕೊಂಡಳು. ಆಮೇಲೆ ರೊಟ್ಟಿಯ ತುಂಡು ಮುರಿದು ಅಕ್ಕನ ಬಾಯಿಗಿಟ್ಟಳು. ಬುಟ್ಟಿ ಹಿಡಿದ ಎರಡು ಕೈಗಳನ್ನೂ ಬಿಡಲಾಗದೆ ಸಕ್ಕುಬಾಯಿ ಅದನ್ನು ಅಗಿದು ನುಂಗಿ ಮೆಟ್ಟಿಲು ಹತ್ತಿದಳು.