ಆರೂವರೆಯ ಸೀಸನ್

ಅಂತರಿಕ್ಷದ ಆ ಧಾರಾವಾಹಿ ಇಪ್ಪತ್ತಾರು ಸೀಸನ್ ಓಡಿತ್ತು. ಅಷ್ಟೂ ಕಾಲ ಕಂತಿಗೆ ಕಂತು ಹೊಂದುತ್ತದೋ ಇಲ್ಲವೋ ಎಂದು ಹದ್ದಿನ ಕಣ್ಣಿಟ್ಟು ಕಾದವಳು ಒಬ್ಬಳೇ ಹೆಂಗಸು. ಸ್ಟುಡಿಯೋದವರು ಅವಳನ್ನು ಕೊಂಡಿಯಮ್ಮ ಎನ್ನುತ್ತಿದ್ದರು. ಅವಳ ಕೋಣೆಯ ಗೋಡೆ ತುಂಬ ರಟ್ಟಿನ ಚೀಟಿಗಳು: ಕ್ಯಾಪ್ಟನ್ನಿಗೆ ಗಡ್ಡ ಬಂದದ್ದು ಯಾವಾಗ, ನೌಕೆಯ ಎಡಬಾಗಿಲು ಕಿತ್ತುಹೋದದ್ದು ಯಾವ ಕಂತಿನಲ್ಲಿ, ಯಾರು ಸತ್ತರು, ಯಾರು ಸತ್ತಂತೆ ನಾಟಕವಾಡಿದರು. ಅವಳ ಒಪ್ಪಿಗೆ ಇಲ್ಲದೆ ಒಂದು ಅಂಗಿಗುಂಡಿಯೂ ಸೀಸನ್ ದಾಟುವಂತಿರಲಿಲ್ಲ.

ಅವಳು ಬರೆದ ಸತ್ತವರ ಪಟ್ಟಿಯ ಒಂದು ಪ್ರತಿ ಸ್ಟುಡಿಯೋ ಗೇಟಿಗೂ ಹೋಗುತ್ತಿತ್ತು. ಧಾರಾವಾಹಿಯಲ್ಲಿ ಸತ್ತವರನ್ನು ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ. ಮೊದಲ ಸೀಸನ್ನಿನ ಸೇನಾಪತಿ ಒಮ್ಮೆ ತಾನು ಬಿಟ್ಟುಹೋದ ಕೊಡೆ ಕೇಳಿಕೊಂಡು ಬಂದು, "ನೀವು ತೀರಿಕೊಂಡಿದೀರಲ್ಲ ಸಾರ್" ಎನ್ನಿಸಿಕೊಂಡು ಮಳೆಯಲ್ಲೇ ವಾಪಸಾಗಿದ್ದ.

ಈ ಪಟ್ಟಿಗೆ ಜಗ್ಗದವನೆಂದರೆ ಅವಳ ಗಂಡ. ರಬ್ಬರ್ ಮುಖವಾಡ ಹಾಕಿಕೊಂಡು ರಾಕ್ಷಸನಾಗುವುದು ಅವನ ಕಸುಬು. ಹತ್ತೊಂಬತ್ತು ಸಲ ಸತ್ತಿದ್ದ. ಪ್ರತಿ ಸಲವೂ ಬೇರೆ ಗ್ರಹ, ಬೇರೆ ಮುಖ. ಗೇಟಿನಲ್ಲಿ ತಕರಾರೇ ಇಲ್ಲ. ಸ್ವಂತ ಮುಖ ತೋರಿಸಿದ್ದು ಒಂದೇ ಕಂತಿನಲ್ಲಿ, ನೌಕೆಯ ನಲ್ಲಿ ರಿಪೇರಿಗೆ ಬಂದವನಾಗಿ. ಆ ಕಂತನ್ನು ಇಪ್ಪತ್ತು ವರ್ಷದ ಹಿಂದೆ ಪ್ರಸಾರವಾಗದಂತೆ ಬೀರುವಿಗೆ ತಳ್ಳಿದವಳು ಅವನ ಹೆಂಡತಿಯೇ.

ಕಾರಣ ನಾಯಿ. ಕ್ಯಾಪ್ಟನ್ನಿನ ನಾಯಿ ಎರಡನೆಯ ಸೀಸನ್ನಿನಲ್ಲಿ ಉಲ್ಕೆ ಬಡಿದು ಸತ್ತಿತ್ತು, ಅವನು ಹನ್ನೊಂದು ಕಂತು ಅತ್ತಿದ್ದ. ಆರನೆಯ ಸೀಸನ್ನಿನಲ್ಲೋ ಆ ದುಃಖಕ್ಕೇ ಗಡ್ಡ ಬಿಟ್ಟುಕೊಂಡು ಗ್ರಹ ಗ್ರಹ ಅಲೆಯುತ್ತಾನೆ. ಈ ಕಂತಿನಲ್ಲಿ ಅದೇ ಗಡ್ಡದವನ ಹಿಂದೆ ಅದೇ ನಾಯಿ ಬಾಲ ಅಲ್ಲಾಡಿಸುತ್ತ ಬಂದು, ಕಿವಿ ಕೆರೆದುಕೊಂಡು, ಆರಾಮಾಗಿ ಕೂತುಬಿಟ್ಟಿತ್ತು. ಎರಡಕ್ಕೆ ಹಾಕೋಣವೆಂದರೆ ಗಡ್ಡ ಅಡ್ಡ, ಆರಕ್ಕೆ ಹಾಕೋಣವೆಂದರೆ ನಾಯಿ ಅಡ್ಡ.

ಗಂಡ ಅಂದು "ಸರಿ ಬಿಡೇ" ಎಂದಷ್ಟೇ ಹೇಳಿ ಸುಮ್ಮನಾದ. ಸುಮ್ಮನಾಗದವಳು ಅವನ ಅಕ್ಕ. "ಜನ್ಮವಿಡೀ ಟೀವೀಲಿ ಸತ್ತ ನನ್ ತಮ್ಮ. ಒಂದ್ಸಲನಾದ್ರೂ ಮುಖ ಕಾಣಿಸ್ತಾ?" ಎಂದು ಬಂದಾಗಲೆಲ್ಲ ಚುಚ್ಚುತ್ತಿದ್ದಳು. ಕೊಂಡಿಯಮ್ಮ ಕೇಳಿಸದವಳಂತೆ ಪಾತ್ರೆ ಎತ್ತಿಡುತ್ತಿದ್ದಳು.

ಈಗ ವಾಹಿನಿಯವರು ಹೊಸ ಆಜ್ಞೆ ಹೊರಡಿಸಿದರು. ಹಳೆಯ ಕಂತುಗಳೆಲ್ಲ ಮತ್ತೆ ಪ್ರಸಾರ; ಯಾವ ಸೀಸನ್ನಿಗೂ ಸೇರದ ಟೇಪು ಶನಿವಾರ ಅಳಿಸಿಹಾಕತಕ್ಕದ್ದು. ಗಂಡನ ಮುಖ ಇದ್ದ ಒಂದೇ ಒಂದು ಕಂತು ತನ್ನ ಕೈಯಿಂದಲೇ ಮಣ್ಣುಪಾಲಾಗುತ್ತದೆಂದು ಕೊಂಡಿಯಮ್ಮನಿಗೆ ನಿಜವಾಗಿಯೂ ಹೆದರಿಕೆಯಾಯಿತು.

ನಾಯಿಯನ್ನು ಕ್ಯಾಪ್ಟನ್ನಿನ ಕನಸು ಎನ್ನೋಣವೆಂದರೆ "ಕನಸಿನ ನೆಪ ಹೇಳಕೂಡದು" ಎಂದು ನಿಯಮ ಬರೆದವಳೂ ಅವಳೇ. ಮೂರು ದಿನ ಗೋಡೆ ನೋಡುತ್ತ ಕೂತಳು. ನಾಲ್ಕನೆಯ ದಿನ ಚೀಟಿಗಳ ಮೇಲಲ್ಲ, ಒಂದು ಸೀಸನ್ನಿಗೂ ಇನ್ನೊಂದಕ್ಕೂ ನಡುವೆ ಬಿಟ್ಟಿದ್ದ ಖಾಲಿ ಗೋಡೆಯ ಮೇಲೆ ಕಣ್ಣು ಬಿತ್ತು. ಅಲ್ಲಿಂದ ನೇರ ನಿರ್ದೇಶಕನ ಕೋಣೆಗೆ ನುಗ್ಗಿದಳು.

"ಮೂರಕ್ಕೂ ನಾಲ್ಕಕ್ಕೂ ನಡುವೆ ಕ್ಯಾಪ್ಟನ್ ಹೆಂಡತಿ ಬೇರೆ ನಟಿ ಆದ್ಲು. ಯಾರಾದ್ರೂ ಕೇಳಿದ್ರಾ?"

"ಇಲ್ಲಮ್ಮ."

"ಸೀಸನ್ ಒಳಗೆ ತಪ್ಪಾದ್ರೆ ಕೇಳ್ತಾರೆ, ನಡುವೆ ಏನಾದ್ರೂ ಕೇಳಲ್ಲ. ಈ ಕಂತು ಆರಕ್ಕೂ ಏಳಕ್ಕೂ ನಡುವೆ ಇರ್ಲಿ. ಆರೂವರೆ. ಇದೇ ಒಂದು ಸೀಸನ್."

"ಒಂದೇ ಕಂತಿನ ಸೀಸನ್ನಾ? ಮೊದಲ ಕಂತಲ್ಲಿ ಹೊಸಬ ಬರ್ಬೇಕು, ನಡುವೆ ಎಳೀಬೇಕು, ಕೊನೇಲಿ ಯಾರೋ ಹೋಗ್ಬೇಕು..."

"ನಲ್ಲಿಯವನು ಬರ್ತಾನೆ. ನಲ್ಲಿ ತಿರುಗಿಸೋ ಪಾನಾ ಸಿಗ್ದೆ ಎಳೀತಾನೆ. ಹೋಗ್ತಾನೆ. ಇನ್ನೇನ್ ಬೇಕು ನಿಮಗೆ?"

ಇಪ್ಪತ್ತಾರು ಸೀಸನ್ ಅವಳಿಗೆ ಹೆದರಿ ಬದುಕಿದ ನಿರ್ದೇಶಕ ಸಹಿ ಹಾಕಿದ.

ಭಾನುವಾರ ಮಧ್ಯಾಹ್ನ ಗಂಡ, ಅಕ್ಕ, ಅವಳು ಮೂವರೂ ಸೋಫಾದಲ್ಲಿ ಸಾಲಾಗಿ ಕೂತರು. ತೆರೆಯ ಮೇಲೆ ಗಂಡನ ಮುಖ ಬಂತು, ಇಪ್ಪತ್ತು ವರ್ಷ ಚಿಕ್ಕದು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಎಷ್ಟ್ ಚೆನ್ನಾಗಿದ್ಯೋ" ಎಂದಳು. ಅಷ್ಟರಲ್ಲಿ ಹಿಂದಿನಿಂದ ನಾಯಿ ಬಂತು.

"ಯಾವ ಅಡ್ಡಕಸುಬಿ ಅದನ್ನ ಒಳಗೆ ಬಿಟ್ನೋ! ಇಪ್ಪತ್ತು ವರ್ಷ ನನ್ನ ಹೊಟ್ಟೆ ಉರ್ಸಿದೆ," ಎಂದಳು ಕೊಂಡಿಯಮ್ಮ.

"ನಾನೇ ಕಣೇ," ಎಂದ ಗಂಡ. "ಪಾನಾ ಡಬ್ಬದಲ್ಲಿ ಕೂರಿಸ್ಕೊಂಡು ತಂದೆ."

"ರೀ!"

"ನಾಲ್ಕು ವರ್ಷ ಗೇಟ್ ಹತ್ರ ಕೂತಿತ್ತು ಪಾಪ. ಸತ್ತಿದೆ ಅಂತ ಕಾವಲುಗಾರ ಬಿಡ್ತಿರ್ಲಿಲ್ಲ. ನಾನಾದ್ರೆ ಮುಖ ಬದಲಾಯಿಸ್ಕೊಂಡು ಬರ್ತಿದ್ದೆ, ಅದಕ್ಕಿದ್ದದ್ದು ಒಂದೇ ಮುಖ. ಬಚ್ಚಿಡೋಣ ಅಂದ್ಕೊಂಡೆ. ಕ್ಯಾಪ್ಟನ್ನ ಕಂಡ ತಕ್ಷಣ ಎದ್ದು ಅವ್ನ ಹಿಂದೇನೇ ಹೋಯ್ತು."

"ಕಂತನ್ನ ನಾನು ಬಿಡಲ್ಲ ಅಂತ ಗೊತ್ತಿರ್ಲಿಲ್ವಾ ನಿಮಗೆ?"

"ನಿನ್ನ ಕಟ್ಕೊಂಡವನಿಗೆ ಅಷ್ಟೂ ಗೊತ್ತಿರಲ್ವಾ?" ಎಂದು ಅವನು ನಕ್ಕ. ತೆರೆಯ ಮೇಲೆ ನಾಯಿ ಕ್ಯಾಪ್ಟನ್ನಿನ ಕಾಲಿಗೆ ಒರಗಿ ಕಣ್ಣು ಮುಚ್ಚಿತ್ತು. ಗೇಟಿನ ಪಟ್ಟಿ ಬರೆದವಳು ತಾನೆಂದು ಯಾರೂ ಅವಳಿಗೆ ನೆನಪಿಸಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಗೇಟಿನಲ್ಲಿ ಪಟ್ಟಿ ಕೇಳಿ ಪಡೆದು, ಮಡಿಚಿ ಕೈಚೀಲಕ್ಕೆ ಹಾಕಿಕೊಂಡಳು. ಕೋಣೆಗೆ ಹೋಗಿ ಆರಕ್ಕೂ ಏಳಕ್ಕೂ ನಡುವಿನ ಖಾಲಿ ಗೋಡೆಗೆ ಹೊಸ ಚೀಟಿ ಅಂಟಿಸಿದಳು: "ನಾಯಿ. ಎರಡರಲ್ಲಿ ಸತ್ತಿದೆ. ಆರೂವರೆಯಲ್ಲಿ ಇದೆ. ಕಾರಣ: ನನ್ನ ಗಂಡ."