ಮಾಯಿಲಪ್ಪ ಆರಿಸಿದ ದಟ್ಟಿ

ಕತೆಯನ್ನು ಮದುವೆ ಚಪ್ಪರದಿಂದ ಶುರುಮಾಡಲೇ, ಬಟ್ಟೆ ಅಂಗಡಿಯಿಂದಲೇ? ಚಪ್ಪರದಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಮಾಯಿಲಪ್ಪನೂ. ಅವನ ನಗುವನ್ನು ನೀವು ನಂಬಿಬಿಡುತ್ತೀರಿ. ಹಾಗಾಗಿ ಅಂಗಡಿ.

೧

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ. ನಾಪೋಕ್ಲು ಕಡೆಯ ಅಣ್ಣತಮ್ಮ ಇಬ್ಬರು ಮಡಿಕೇರಿಯ ಬಟ್ಟೆ ಅಂಗಡಿಯಲ್ಲಿ ಚಾಪೆ ಮೇಲೆ ಕೂತಿದ್ದರು. ಮದುವೆ ತಮ್ಮ ಬೋಜಪ್ಪನದು. ಬಟ್ಟೆ ಆರಿಸಲು ಬಂದವನು ಅಣ್ಣ ಮಾಯಿಲಪ್ಪ, ಇನ್ನೂ ಮದುವೆಯಾಗದವನು. ಹುಡುಗಿ ತಂಗಮ್ಮನನ್ನು ಈ ಅಣ್ಣತಮ್ಮಂದಿರ ಅವ್ವ ಮೊದಲು ಕೇಳಿದ್ದು ಮಾಯಿಲಪ್ಪನಿಗೇ. ಹುಡುಗಿ ಮನೆಯವರು ಕಾಫಿ ಕೊಟ್ಟು, ಎಲೆ ಅಡಿಕೆ ಮುಂದಿಟ್ಟು, "ಕಿರಿಯವನಾದರೆ ನೋಡಬಹುದು" ಅಂದಿದ್ದರು.

(ಯಾಕೆ ಎಂದು ನನ್ನನ್ನು ಕೇಳಬೇಡಿ. ಅವನಿಗೂ ಯಾರೂ ಹೇಳಿರಲಿಲ್ಲ. ಅವನನ್ನು ಕೊರೆಯುತ್ತಿದ್ದುದು ಅದೇ.)

ಮದುಮಗನ ಬಿಳಿ ಕುಪ್ಪಸ, ಮೊಣಕಾಲು ಮುಟ್ಟುವ ನಿಲುವಂಗಿ, ಆಗಲೇ ಹೊಲಿಗೆಗೆ ಹೋಗಿತ್ತು. ಉಳಿದದ್ದು ಅದರ ಮೇಲೆ ಸೊಂಟಕ್ಕೆ ಸುತ್ತುವ ಕೆಂಪು ರೇಷ್ಮೆ ದಟ್ಟಿ. ಅಂಗಡಿಯವರು ಎರಡು ಬಿಚ್ಚಿ ಹಾಸಿದರು. ಒಂದು ಜರಿಯಂಚಿನದು, ಬೆಳಕಿಗೆ ಹಿಡಿದರೆ ಕೆಂಡ. ಇನ್ನೊಂದು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದು, ಮಡಿಕೆಗಳಲ್ಲಿ ಮಾಸಿದ್ದು.

"ಯಾವುದಣ್ಣ?" ಬೋಜಪ್ಪ ಕೇಳಿದ. "ನಂಗೆ ಇದೆಲ್ಲ ಗೊತ್ತಾಗೋಲ್ಲ. ನೀ ಹೇಳಿದ್ದೇ ಆಗ್ಲಿ."

ಮಾಯಿಲಪ್ಪ ಮಾಸಿದ್ದರ ಮೇಲೆ ಕೈಯಿಟ್ಟ. "ಬಿಳಿ ಮೇಲೆ ಜರಿ ಅತಿಯಾಗ್ತದೆ. ಮದುಮಗ ಗಂಭೀರವಾಗಿ ಕಾಣ್ಬೇಕು."

ತಮ್ಮ ಇನ್ನೊಂದನ್ನು ಮುಟ್ಟಿಯೂ ನೋಡದೆ ಸರಿ ಅಂದ.

"ಜರಿದು ನಂಗಿರ್ಲಿ. ಕಪ್ಪು ಕುಪ್ಪಸಕ್ಕೆ ಆಗ್ತದೆ."

೨

ಮೊದಲ ಡ್ರಾಫ್ಟಿನಲ್ಲಿ ಅವನು ಇಸ್ತ್ರಿಪೆಟ್ಟಿಗೆಯಿಂದ ಬಿಳಿ ಕುಪ್ಪಸವನ್ನೇ ಸುಟ್ಟಿದ್ದ. ಹರಿದು ಹಾಕಿದೆ. ಸುಟ್ಟದ್ದು ಎಲ್ಲರಿಗೂ ಕಾಣುತ್ತದೆ; ಮಾಯಿಲಪ್ಪನ ಹೊಟ್ಟೆಕಿಚ್ಚು ಸಲಹೆ ಕೊಡುವ ಜಾತಿಯದು.

೩

ಮದುವೆಯ ಬೆಳಿಗ್ಗೆ. ದಟ್ಟಿ ಸುತ್ತಲು ಇಬ್ಬರು ಬೇಕು. ಒಬ್ಬ ತುದಿ ಬಿಗಿಹಿಡಿದು ನಿಲ್ಲಬೇಕು, ಉಡುವವನು ತಿರುಗುತ್ತಾ ಅವನ ಹತ್ತಿರ ಬರಬೇಕು. "ಅಣ್ಣನೇ ಹಿಡೀಲಿ" ಅಂದ ಬೋಜಪ್ಪ. ಸುತ್ತು ಸುತ್ತಾಗಿ ತಿರುಗುತ್ತಾ ಬಂದು ಅಣ್ಣನ ಎದೆಗೆ ತಾಗಿ ನಿಂತ. ಮಾಸಿದ ಕೆಂಪು ಬಿಳಿ ಮೇಲೆ ಕೊಳೆಯ ಹಾಗೇ ಕಂಡಿತು. ಆದರೆ ಬೋಜಪ್ಪನ ಮುಖ ಬೆಳಗುತ್ತಿತ್ತು. ಸೊಂಟ ಯಾರು ನೋಡುತ್ತಾರೆ?

"ನೀ ಚಂದ ಕಾಣ್ತಿ ಅಣ್ಣ," ಅಂದ, ಜರಿಯಂಚು ನೋಡಿ.

ಆ ಮಾತಿನಲ್ಲಿ ಮಾಯಿಲಪ್ಪ ಕೊಂಕು ಹುಡುಕಿದ. ಸಿಗಲಿಲ್ಲ. ಸಿಕ್ಕಿದ್ದರೆ ಹಗುರಾಗುತ್ತಿತ್ತು.

(ಈಗ ಆ ಜರಿ ದಟ್ಟಿ ಬಿಚ್ಚಿ ಅವನಿಗೆ ಕೊಟ್ಟುಬಿಡು, ಅಂದೆ ನಾನು ಮಾಯಿಲಪ್ಪನಿಗೆ.

"ಕೊಡೋಲ್ಲ."

ಓದುವವರಿಗೆ ನೀನು ಇಷ್ಟವಾಗ್ತಿ ಕಣೋ.

"ಓದುವವರು ನಂಗೆ ಹೆಣ್ಣು ಕೊಡ್ತಾರಾ?")

೪

ಒಂದು ಎಂಡಿಂಗ್: ನೆಂಟರು ಮದುಮಗನ ದಟ್ಟಿ ನೋಡಿ ಆಡಿಕೊಳ್ಳುತ್ತಾರೆ. ಆದರೆ ಯಾರೂ ಆಡಿಕೊಳ್ಳಲಿಲ್ಲ. ಇನ್ನೊಂದು: ಜರಿ ದಟ್ಟಿಯ ಅಣ್ಣನನ್ನು ಕಂಡು ಯಾರೋ ಹೆಣ್ಣು ಕೊಡಲು ಮುಂದೆ ಬರುತ್ತಾರೆ. ಬರೆದೆ, ನನಗೇ ನಾಚಿಕೆಯಾಯಿತು.

ನಡೆದದ್ದು ಇಷ್ಟು. ಮುಹೂರ್ತ ಮುಗಿದ ಮೇಲೆ ಗಂಡ ಹೆಂಡತಿ ಹಿರಿಯರ ಕಾಲಿಗೆ ಬೀಳುತ್ತಾ ಮಾಯಿಲಪ್ಪನ ಮುಂದೆ ಬಂದರು.

"ನನ್ನ ದಟ್ಟಿ ಆರಿಸಿದ್ದು ಅಣ್ಣನೇ," ಬೋಜಪ್ಪ ಹೆಮ್ಮೆಯಿಂದ ಹೇಳಿದ.

ತಂಗಮ್ಮ ಗಂಡನ ಸೊಂಟ ನೋಡಿದಳು. ಆಮೇಲೆ ಮಾಯಿಲಪ್ಪನದು. "ಎರಡೂ ನೀವೇ ಆರಿಸಿದ್ದಾ, ಭಾವ?"

ಸುಳ್ಳು ಹೇಳಲು ಜಾಗ ಬಿಟ್ಟೇ ಕೇಳಿದ್ದಳು.

"ಎರಡೂ ನಾನೇ," ಅಂದ ಮಾಯಿಲಪ್ಪ.

ಅವಳು ಮತ್ತೇನೂ ಕೇಳದೆ ಬಾಗಿ ಕಾಲು ಮುಟ್ಟಿದಳು. ಹರಸಿ ಅಕ್ಕಿ ಹಾಕುವ ತನಕ ಏಳುವಂತಿಲ್ಲ. ಅವನು ಅಕ್ಕಿ ಹಿಡಿದು ನಿಂತೇ ಇದ್ದ. ಹಿಂದೆ ನೆಂಟರು ಕಾಯುತ್ತಿದ್ದರು. ಕೊನೆಗೆ ಮುಷ್ಟಿ ಬಿಚ್ಚಿದ, ತುಟಿ ಅಲ್ಲಾಡಿತು.

ಏನಂದೆ ನೀನು, ಎಂದು ನಾನು ಕೇಳಿದೆ.

"ನಿಂಗ್ಯಾಕೆ?" ಅಂದವನೇ ಊಟದ ಪಂಕ್ತಿಯ ಕಡೆ ನಡೆದ.